ನಡುಮನೆಯ ಭಂಡಾರ

ಶಿರಾಳಕೊಪ್ಪಕ್ಕೆ ಅನತಿದೂರದಲ್ಲಿರುವ ನಮ್ಮ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಎಂಟು ಮುಖಗಳ ಶಿಲಾಸ್ತಂಭವನ್ನು ನೋಡಲೆಂದು ಬರುವವರು ಸಾಮಾನ್ಯವಾಗಿ ಮಯೂರಶರ್ಮನ ಕಥೆಯನ್ನೇ ಮೊದಲು ಕೇಳುವರು. ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವಿದ್ಯಾರ್ಜನೆಗಾಗಿ ತೆರಳಿದ ಆ ವಟುವು ಪಲ್ಲವರ ಕುದುರೆಯಾಳಿನೊಡನೆ ಉಂಟಾದ ಕಲಹದಿಂದ ನೊಂದು, ಶಾಸ್ತ್ರವನ್ನು ಬದಿಗಿರಿಸಿ ಶಸ್ತ್ರವನ್ನು ಕೈಗೊಂಡು ಕದಂಬವಂಶಕ್ಕೆ ಮೂಲಪುರುಷನಾದನೆಂಬ ವೃತ್ತಾಂತವು ಚಿತ್ತಾಕರ್ಷಕವಾದುದೆಂಬುದರಲ್ಲಿ ಸಂದೇಹವಿಲ್ಲ. ನನಗಾದರೋ ಅದೇ ಶಾಸನದ ಬೇರೆ ಎರಡು ಸಂಗತಿಗಳು ಅದಕ್ಕಿಂತಲೂ ಪ್ರಿಯವಾಗಿವೆ. ಐದನೆಯ ಶತಮಾನದ ಆ ಬರಹವು ಹುಟ್ಟಿದುದು ಒಂದು ಕೆರೆಯ ನಿಮಿತ್ತವಾಗಿ. ಇಲ್ಲಿಯ ಶಿವಾಲಯದ ಬಳಿ ಕದಂಬರ ದೊರೆ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ನೆನಪಿನಲ್ಲಿ ನಿಲ್ಲಿಸುವುದೇ ಅದರ ಉದ್ದೇಶ. ಎರಡನೆಯದು, ಕಾಕುಸ್ಥವರ್ಮನ ಮಗನಾದ ಶಾಂತಿವರ್ಮನ ಆಜ್ಞೆಯಂತೆ ಆ 34 ಪದ್ಯಗಳನ್ನು ರಚಿಸಿದ ಕುಬ್ಜನೆಂಬ ಕವಿಯು ತನ್ನ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿರುವುದು. ತನ್ನ ಮಾತು ಉಳಿಯಬೇಕೆಂಬ ಆಸೆಯುಳ್ಳವನು ಉಳಿಸುವ ಶ್ರಮವನ್ನೂ ತಾನೇ ಹೊತ್ತುಕೊಂಡನು. ಹಾಗೆ ಹೊತ್ತುಕೊಂಡುದರಿಂದ, ಆ ಮಾತು ಎಲ್ಲಿಯದೋ ಅಲ್ಲಿಯೇ ಈಗಲೂ ನಿಂತಿದೆ.

ಈ ಊರಿನಲ್ಲಿಯೇ ಬೆಳೆದ ನನಗೆ ಸ್ತಂಭದ ಈ ಪಾಠವು ಮನಸ್ಸಿಗೆ ಹತ್ತಿದುದು ಬಹಳ ತಡವಾಗಿ, ನಮ್ಮ ಮನೆಯ ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕಿನ ದೆಸೆಯಿಂದ. ಅದರೊಳಗೆ ಅರುವತ್ತೆರಡು ಕ್ಯಾಸೆಟ್ಟುಗಳಿದ್ದವು. ತಂಗಿಯ ಮದುವೆಯ ವಿಡಿಯೋ ಕ್ಯಾಸೆಟ್ಟು, ಒಂದಕ್ಕೊಂದು ಅಂಟಿಕೊಂಡ ಫೋಟೋಗಳ ಎರಡು ಆಲ್ಬಮ್ಮುಗಳು, ಯಾರದೋ ಹಳೆಯ ಫೋನಿನಿಂದ ತೆಗೆದಿಟ್ಟ ಮೆಮೊರಿ ಕಾರ್ಡುಗಳು ಕೂಡ ಇದ್ದವು. ಮಳೆಗಾಲದ ತೇವವು ಒಳಹೊಕ್ಕು ಕೆಲವು ಟೇಪುಗಳ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಟೇಪ್ ರೆಕಾರ್ಡರನ್ನು ರಿಪೇರಿ ಮಾಡಿಸಿ, ಅದರಿಂದ ಕಂಪ್ಯೂಟರಿಗೆ ಒಂದು ತಂತಿಯನ್ನು ಜೋಡಿಸಿ, ಆ ವರ್ಷದ ಮುಂಗಾರಿನ ರಾತ್ರಿಗಳನ್ನೆಲ್ಲ ನಾನೂ ನನ್ನ ಮಗಳೂ ಅವನ್ನು ಇಳಿಸಿಕೊಳ್ಳುವುದರಲ್ಲಿಯೇ ಕಳೆದೆವು. ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಅರುವತ್ತು ನಿಮಿಷವೇ ಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಕುಳಿತು ಕೇಳಲೇಬೇಕು.

ಹಾಗೆ ಕುಳಿತಿದ್ದ ಒಂದು ರಾತ್ರಿ ಕೈಗೆ ಬಂದ ಕ್ಯಾಸೆಟ್ಟಿನ ಮೇಲೆ ತಂದೆಯವರ ಅಕ್ಷರದಲ್ಲಿ, ನೀಲಿ ಮಸಿಯಲ್ಲಿ, ‘ಅಕ್ಕನ ಸೋಬಾನೆ. ಎರಡನೇ ಮಗ್ಗುಲು ಖಾಲಿ’ ಎಂದು ಬರೆದಿತ್ತು. ಮೊದಲನೆಯ ಮಗ್ಗುಲಿನಲ್ಲಿ ನಮ್ಮ ದೊಡ್ಡತ್ತೆಯವರು ಹಾಡಿದ ಹಸೆಯ ಹಾಡುಗಳಿದ್ದವು. ಖಾಲಿಯೆಂದು ಬರೆದ ಮಗ್ಗುಲನ್ನೂ ಒಮ್ಮೆ ಹಾಕಿ ನೋಡೋಣವೆಂದು ಮಗಳು ಹಟಹಿಡಿದಳು. ಹಾಕಿದೆವು. ಹಂಚಿನ ಮೇಲೆ ಸುರಿಯುವ ಮಳೆಯ ಸದ್ದು. ಅದರ ಕೆಳಗೆ ಬೀಸುವ ಕಲ್ಲಿನ ಗರಗರ. ಯಾರಿಗೋ ‘ಇರಚಲು ಹೊಡೀತದೆ, ಬಾಗ್ಲು ಹಾಕ್ರೇ’ ಎಂಬ ಕೂಗು. ಅನಂತರ ಕಲ್ಲು ನಿಂತು, ಬಹು ಸಮೀಪದಿಂದ, ‘ಅದು ಇನ್ನೂ ತಿರುಗ್ತಾ ಇದೆಯೇನೋ ತಮ್ಮಾ?’ ಎಂಬ ದೊಡ್ಡತ್ತೆಯ ಧ್ವನಿ. ಅಷ್ಟೇ, ಹನ್ನೊಂದು ನಿಮಿಷ. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ತಂದೆಯವರನ್ನು ಎಬ್ಬಿಸಿ ಕೇಳಿಸಿದೆ. ಅವರು ಏನನ್ನೂ ಹೇಳಲಿಲ್ಲ, ಇನ್ನೊಮ್ಮೆ ಹಾಕೆಂದು ಕೈಸನ್ನೆ ಮಾಡಿದರು.

ಈ ಧ್ವನಿಯನ್ನು ಇಡುವುದೆಲ್ಲಿ ಎಂಬ ಪ್ರಶ್ನೆಯು ಮರುದಿನ ಎದ್ದಿತು. ಫೋನಿನಲ್ಲಿಟ್ಟರೆ ಫೋನು ಎರಡು ಮೂರು ವರ್ಷಗಳ ವಸ್ತು; ಪೆನ್ ಡ್ರೈವು ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋಗುವ ವಸ್ತು. ಸಾಗರದಾಚೆಯ ಕಂಪೆನಿಗಳ ಯಂತ್ರಾಗಾರಗಳಲ್ಲಿ, ಎಲ್ಲರೂ ‘ಕ್ಲೌಡ್’ ಎಂದು ಕರೆಯುವಲ್ಲಿ ಇಡಬಹುದಷ್ಟೆ ಎಂದು ಮಿತ್ರರೊಬ್ಬರು ಸೂಚಿಸಿದರು. ಆ ವ್ಯವಸ್ಥೆಯ ಉಪಯುಕ್ತತೆಯನ್ನು ನಾನು ಅಲ್ಲಗಳೆಯತಕ್ಕವನಲ್ಲ. ಆದರೆ ಬಾಡಿಗೆಯ ಮನೆಯ ನಿಯಮಗಳನ್ನು ವಿಧಿಸತಕ್ಕವನು ಮಾಲೀಕನೇ ಹೊರತು ಒಕ್ಕಲಲ್ಲ. ಗೂಗಲ್ ಫೋಟೋಸ್ ಎಂಬ ಸೇವೆಯು ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನು ಇಟ್ಟುಕೊಳ್ಳುತ್ತಿದ್ದುದನ್ನು 2021ರ ಜೂನ್ 1ರಿಂದ ನಿಲ್ಲಿಸಿ, 15 ಗಿಗಾಬೈಟಿನ ಎಲ್ಲೆಯೊಳಗೆ ಲೆಕ್ಕ ಹಿಡಿಯತೊಡಗಿತು. ಅದರಲ್ಲಿ ಅನ್ಯಾಯವೇನೂ ಇಲ್ಲ, ಅದು ಅವರ ಮನೆ. ಹಣ ತೆತ್ತು ನೋಡುವ ಚಲಚ್ಚಿತ್ರಗಳ ಮಾತೂ ಹೀಗೆಯೇ. ಕರಾರಿನ ಅವಧಿ ತೀರಿದೊಡನೆ, ನಿನ್ನೆ ಇದ್ದ ಚಿತ್ರವು ಇಂದು ಪಟ್ಟಿಯಲ್ಲಿ ಕಾಣದು. ದೊಡ್ಡತ್ತೆಯ ಹನ್ನೊಂದು ನಿಮಿಷಗಳನ್ನು ಅಂತಹ ಕರಾರಿಗೆ ಒಪ್ಪಿಸಲು ನನಗೆ ಮನಸ್ಸು ಬಾರದೆ, ಮನೆಯಲ್ಲಿಯೇ ಒಂದು ಸರ್ವರನ್ನು ಇಡುವುದೆಂದು ನಿಶ್ಚಯಿಸಿದೆನು.

ಹೆಸರು ಕೇಳಿ ಭಯಪಡತಕ್ಕುದೇನೂ ಇಲ್ಲ. ಅದು ಮಗಳು ಓದು ಮುಗಿಸಿದ ಮೇಲೆ ಮೂಲೆಗೆ ಸೇರಿದ್ದ ಹಳೆಯ ಕಂಪ್ಯೂಟರು. ಅದಕ್ಕೊಂದು ದೊಡ್ಡ ಹಾರ್ಡ್ ಡಿಸ್ಕನ್ನು ಹಾಕಿ, ಯಾರಿಗೂ ದುಡ್ಡು ಕೊಡಬೇಕಾಗಿಲ್ಲದ ಜೆಲ್ಲಿಫಿನ್ ಎಂಬ ಸ್ವತಂತ್ರ ತಂತ್ರಾಂಶವನ್ನು ಅದರಲ್ಲಿ ನೆಲೆಗೊಳಿಸಿದೆವು. ಡಿಸ್ಕಿನಲ್ಲಿರುವ ಹಾಡು, ಚಿತ್ರ, ಫೋಟೋಗಳನ್ನು ಆ ತಂತ್ರಾಂಶವು ತಾನೇ ಪಟ್ಟಿಮಾಡಿ ಜೋಡಿಸುತ್ತದೆ. ನಡುಮನೆಯ ಟಿವಿಯೋ ಜಗಲಿಯಲ್ಲಿ ಕುಳಿತವರ ಫೋನೋ ಕೇಳಿದಾಗ, ವೈಫೈ ಮೂಲಕ ಬೇಕಾದುದನ್ನು ಹರಿಯಿಸುತ್ತದೆ. ಈ ಹರಿವೆಲ್ಲ ಮನೆಯ ಗೋಡೆಗಳೊಳಗೇ ನಡೆಯತಕ್ಕದ್ದಾದಕಾರಣ ಇಂಟರ್ನೆಟ್ಟಿನ ಡೇಟಾ ಒಂದಿಷ್ಟೂ ವೆಚ್ಚವಾಗದು. ಗಾಳಿಮಳೆಗೆ ಹೊರಗಿನ ಲೈನು ಕಡಿದು ಹೋದ ದಿನವೂ ಹಾಡು ನಿಲ್ಲದು. ಹಳೆಯ ಟಿವಿಗೆ ಅರ್ಥವಾಗದ ವಿಡಿಯೋ ಆಗಿದ್ದರೆ ಅದಕ್ಕೆ ತಿಳಿಯುವ ರೂಪಕ್ಕೆ ಆಗಿಂದಾಗಲೇ ಮಾರ್ಪಡಿಸಿ ಕಳುಹಿಸುವ ಶಕ್ತಿಯೂ ಅದಕ್ಕುಂಟು, ಆದರೆ ಆಗ ಯಂತ್ರವು ಬಹಳ ದಣಿಯುತ್ತದೆ. ನಮ್ಮ ಮಣ್ಣಿನ ಗೋಡೆಗಳ ದಪ್ಪವನ್ನು ವೈಫೈ ಭೇದಿಸಲಾರದೆಂಬುದು ಮೊದಲ ವಾರದಲ್ಲಿಯೇ ತಿಳಿದು, ನಡುಮನೆಗೆ ತೊಲೆಯ ಗುಂಟ ಒಂದು ತಂತಿಯನ್ನೇ ಎಳೆಯಬೇಕಾಯಿತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಿಡಿಯ ಗುಣಮಟ್ಟದಲ್ಲಿ ಇಳಿಸಿಕೊಂಡ ಧ್ವನಿಗೆ ಗಂಟೆಯೊಂದಕ್ಕೆ 600 ಮೆಗಾಬೈಟಿಗಿಂತ ತುಸು ಹೆಚ್ಚು ಜಾಗ ಬೇಕು. ನಮ್ಮ ಅರುವತ್ತೆರಡು ಕ್ಯಾಸೆಟ್ಟುಗಳೂ ಸೇರಿದರೆ ಸುಮಾರು 40 ಗಿಗಾಬೈಟು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಇಪ್ಪತ್ತೈದನೆಯ ಒಂದು ಪಾಲು ಮಾತ್ರ. 15 ವ್ಯಾಟಿನ ಚಿಕ್ಕ ಯಂತ್ರವೊಂದು ಹಗಲಿರುಳೂ ನಡೆದರೆ ತಿಂಗಳಿಗೆ ಹನ್ನೊಂದು ಯೂನಿಟ್ಟಿನಷ್ಟು ಕರೆಂಟು ಆಗುತ್ತದೆ. ನಮ್ಮದು ಹಳೆಯದಾದುದರಿಂದ ಹೆಚ್ಚು ತಿನ್ನುತ್ತದೆಂದು ರಾತ್ರಿ ಆರಿಸಿಡುತ್ತೇವೆ.

ಮನೆಯಿಂದಲೇ ಧ್ವನಿಯನ್ನು ಹರಿಯಿಸುವ ಈ ಸಾಹಸವು ಕನ್ನಡನಾಡಿಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪ್ರೇಷಕಯಂತ್ರವೊಂದನ್ನಿಟ್ಟು ಪ್ರಸಾರವನ್ನಾರಂಭಿಸಿದರು, ಆ ಮನೆಯ ಪ್ರಯೋಗವೇ ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತು, ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರನ್ನು ದಾನಮಾಡಿತು. ಒಂದು ಮನೆಯೊಳಗಣ ಆಸಕ್ತಿಯು ಎಲ್ಲಿಯವರೆಗೆ ಬೆಳೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ನನಗೆ ಬೇಡ.

ಉಳಿಸಿಕೊಳ್ಳದೆ ಹೋದುದರ ನಿದರ್ಶನವೂ ನಮ್ಮಲ್ಲಿಯೇ ಇದೆ, ಮತ್ತು ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಸುಬ್ಬಯ್ಯನಾಯ್ಡು ಅವರ ಇಂದ್ರಜಿತುವನ್ನೂ ತ್ರಿಪುರಾಂಬೆಯವರ ಸುಲೋಚನೆಯನ್ನೂ ಕಾಣಲು ಜನರು ನೆರೆದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಬೆಳ್ಳಿತೆರೆಯ ಮೇಲೆ ಕನ್ನಡವು ಮೊದಲು ಹೇಗೆ ಮಾತನಾಡಿತೆಂಬುದನ್ನು ಇನ್ನು ಯಾರೂ ಕೇಳಲಾರರು. ಇದಕ್ಕೆ ಪ್ರತಿಯಾಗಿ ಮೂಡಬಿದಿರೆಯನ್ನು ನೋಡಬೇಕು. ಬೇರೆಲ್ಲಿಯೂ ಪ್ರಾಚೀನ ಪ್ರತಿಗಳಿಲ್ಲದ ಧವಲಾ, ಜಯಧವಲಾ ಎಂಬ ಜೈನಗ್ರಂಥಗಳನ್ನು ತಾಳೆಗರಿಗಳ ಮೇಲೆ ಕನ್ನಡ ಲಿಪಿಯಲ್ಲಿ ಶತಮಾನಗಳವರೆಗೆ ಅಲ್ಲಿಯ ಬಸದಿಯು ಕಾಪಾಡಿಕೊಂಡು ಬಂದುದರಿಂದಲೇ ಕಳೆದ ಶತಮಾನದಲ್ಲಿ ಅವು ಪ್ರತಿಯಾಗಿ, ಅಚ್ಚಾಗಿ, ವಿದ್ವಲ್ಲೋಕಕ್ಕೆ ದೊರೆತವು. ನಮ್ಮ ಜಿಲ್ಲೆಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕಾಣುವ ಓಲೆಗಳೂ ಕಡತಗಳೂ ಯಾರ ಯಾರ ಮನೆಯ ಪೆಟ್ಟಿಗೆಗಳಲ್ಲಿ ಎಷ್ಟು ಕಾಲ ಉಳಿದಿದ್ದವೋ! ಓಲೆಯು ಜೀರ್ಣವಾಗುವುದಕ್ಕೆ ಮುನ್ನ ಇನ್ನೊಂದಕ್ಕೆ ಪ್ರತಿಮಾಡತಕ್ಕದ್ದೆಂಬ ವಿವೇಕವು ಲಿಪಿಕಾರರಿಗೆ ಇದ್ದಿತು. ಹಾರ್ಡ್ ಡಿಸ್ಕಿನ ಆಯುಸ್ಸು ತಾಳೆಗರಿಯ ಆಯುಸ್ಸಿಗಿಂತ ಎಷ್ಟೋ ಕಡಿಮೆಯಾದುದರಿಂದ ನಮಗೆ ಆ ವಿವೇಕವು ಹೆಚ್ಚಾಗಿಯೇ ಬೇಕು.

ಇದನ್ನು ನಾನು ಕೇವಲ ಉಪದೇಶಕ್ಕಾಗಿ ಹೇಳುತ್ತಿಲ್ಲ. ಎರಡನೆಯ ವರ್ಷದ ಏಪ್ರಿಲ್ಲಿನಲ್ಲಿ, ಅಡ್ಡಮಳೆಯ ಒಂದು ಸಾಯಂಕಾಲ, ಹಿತ್ತಲಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ರೂಟರಿನ ತಂತಿಯನ್ನು ಕಳಚಿಡಬೇಕೆಂಬುದು ಗೊತ್ತಿದ್ದೂ ಆ ದಿನ ನಾನು ಗದ್ದೆಯ ಕಡೆಗೆ ಹೋಗಿದ್ದೆ. ರೂಟರು ಕರಿಯಾಯಿತು, ಅದರೊಡನೆ ಸರ್ವರಿನ ಡಿಸ್ಕೂ ಹೋಯಿತು. ಆ ರಾತ್ರಿ ತಂದೆಯವರ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ಸೊರಬದಲ್ಲಿರುವ ತಂಗಿಯ ಮನೆಗೆ ಯುಗಾದಿಗೆ ಹೋದಾಗ ಇನ್ನೊಂದು ಡಿಸ್ಕಿನಲ್ಲಿ ಎಲ್ಲವನ್ನೂ ಪ್ರತಿಮಾಡಿ ಕೊಟ್ಟು ಬಂದಿದ್ದೆನಾದ್ದರಿಂದ, ಕಳೆದುಕೊಂಡುದು ಯಂತ್ರವನ್ನೇ ಹೊರತು ಧ್ವನಿಗಳನ್ನಲ್ಲ. ಒಂದೇ ಮನೆಯಲ್ಲಿ ಎರಡು ಪ್ರತಿಗಳಿದ್ದರೆ ಸಾಲದು. ಒಂದು ಬೇರೊಂದು ಊರಿನಲ್ಲಿರಬೇಕು. ತಂಗಿಯ ಮನೆಯ ಚಿತ್ರಗಳ ಪ್ರತಿಯು ಈಗ ನಮ್ಮಲ್ಲಿರುತ್ತದೆ, ನಮ್ಮದು ಅವರಲ್ಲಿ. ಹಬ್ಬಕ್ಕೊಮ್ಮೆ ಡಿಸ್ಕುಗಳು ಹೋಳಿಗೆಯ ಡಬ್ಬಿಯ ಜೊತೆಯಲ್ಲಿಯೇ ಅದಲುಬದಲಾಗುತ್ತವೆ.

ಪರರ ಚಲಚ್ಚಿತ್ರಗಳನ್ನೂ ಹಾಡುಗಳನ್ನೂ ಕದ್ದು ತುಂಬಿಕೊಳ್ಳುವುದಕ್ಕೆ ಇದೊಂದು ನೆಪವಾಗಬಾರದೆಂಬುದನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಮೆಮೊರಿ ಕಾರ್ಡಿಗೆ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬರುತ್ತಿದ್ದ ಅಭ್ಯಾಸವು ಕಲಾವಿದರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸಲಿಲ್ಲ. ಹಣ ಕೊಟ್ಟು ಕೊಂಡುದನ್ನು, ನಾವೇ ಚಿತ್ರಿಸಿದುದನ್ನು, 1957ರ ಕೃತಿಸ್ವಾಮ್ಯ ಶಾಸನದಂತೆ ಅರುವತ್ತು ವರ್ಷಗಳ ಹಕ್ಕು ತೀರಿ ಎಲ್ಲರಿಗೂ ಸೇರಿದ ಧ್ವನಿಮುದ್ರಣಗಳನ್ನು ಇಟ್ಟುಕೊಂಡರೂ ಭಂಡಾರವು ತುಂಬುತ್ತದೆ. ಹೊರಗಿನ ಇಂಟರ್ನೆಟ್ಟಿಗೆ ಆ ಯಂತ್ರದ ಬಾಗಿಲನ್ನು ತೆರೆದಿಡುವ ಗೋಜಿಗೆ ತಿಳಿಯದವರು ಹೋಗಬಾರದು, ಮನೆಯವರಿಗಷ್ಟೇ ಸಾಕು.

ಇದೆಲ್ಲ ಬಿಡುವಿದ್ದವರ ಹವ್ಯಾಸವೆಂದೂ, ದುಡಿಯುವ ಮನೆಗಳಿಗೆ ಇದು ಹೇಗೆ ಸಾಧ್ಯವೆಂದೂ ಕೇಳುವವರ ಮಾತಿನಲ್ಲಿ ತಥ್ಯವಿದೆ. ಅದಕ್ಕಾಗಿಯೇ ನನ್ನದೊಂದು ಸೂಚನೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ. ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. ಅಂತಹ ಒಂದೊಂದು ಕೇಂದ್ರದಲ್ಲಿ ಒಂದು ಸರ್ವರು, ಒಂದು ಟೇಪ್ ರೆಕಾರ್ಡರು, ಇಳಿಸಿಕೊಡುವ ಅಭ್ಯಾಸವುಳ್ಳ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ, ಊರಿನವರು ತಮ್ಮ ತಮ್ಮ ಟ್ರಂಕುಗಳನ್ನು ಅಲ್ಲಿಗೆ ತಂದಾರು. ದೀಪಾವಳಿಯ ರಾತ್ರಿ ಜ್ಯೋತಿಯನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುವ ಅಂಟಿಕೆ ಪಂಟಿಕೆಯ ತಂಡಗಳಲ್ಲಿ ಹಿರಿಯರಿಗೆ ಬಾಯಿಗೆ ಬರುವ ಪದಗಳೆಷ್ಟು, ಕಿರಿಯರಿಗೆ ಬರುವವೆಷ್ಟು ಎಂಬುದನ್ನು ನಮ್ಮ ಕಡೆಯವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಹೋರಿ ಹಬ್ಬದ ವಿಡಿಯೋಗಳನ್ನು ಎಷ್ಟು ಅಕ್ಕರೆಯಿಂದ ಹುಡುಗರು ಫೋನಿನಲ್ಲಿ ಕೂಡಿಟ್ಟುಕೊಳ್ಳುತ್ತಾರೆ! ಅದೇ ಅಕ್ಕರೆಯಿಂದ, ಹಾಡುವವರ ಒಪ್ಪಿಗೆಯನ್ನು ಪಡೆದು, ಅವರ ಹೆಸರನ್ನೂ ಊರನ್ನೂ ತಿಥಿಯನ್ನೂ ಬರೆದು ಈ ಪದಗಳನ್ನೂ ಇಡಿಸಬಹುದು. ಹೆಸರು ಬರೆಯದ ಧ್ವನಿಯು ಒಂದು ತಲೆಮಾರಿನ ಅನಂತರ ಯಾರದೆಂದು ತಿಳಿಯದೆ ಅನಾಥವಾಗುತ್ತದೆ. ನಮ್ಮ ಟ್ರಂಕಿನಲ್ಲಿಯೇ ಅಂತಹ ನಾಲ್ಕು ಕ್ಯಾಸೆಟ್ಟುಗಳಿವೆ, ಅವುಗಳಲ್ಲಿ ಹಾಡಿದ ಹೆಂಗಸರು ಯಾರೆಂಬುದನ್ನು ತಂದೆಯವರೂ ಹೇಳಲಾರರು.

ನಮ್ಮ ಸರ್ವರಿನ ಪಾಸ್‌ವರ್ಡನ್ನೂ, ಯಾವುದು ಎಲ್ಲಿದೆಯೆಂಬ ವಿವರವನ್ನೂ ಮಗಳು ಒಂದು ನೂರು ಹಾಳೆಯ ನೋಟುಪುಸ್ತಕದಲ್ಲಿ ಬರೆದು, ಜಮೀನಿನ ಪಹಣಿಗಳಿರುವ ಚೀಲದಲ್ಲಿ ಇಟ್ಟಿದ್ದಾಳೆ. ಬೂಷ್ಟು ಬಲವಾಗಿ ಹಿಡಿದ ಏಳು ಕ್ಯಾಸೆಟ್ಟುಗಳನ್ನು ಇನ್ನೂ ಇಳಿಸಿಕೊಂಡಿಲ್ಲ. ತೇವವಿರುವಾಗ ಅವನ್ನು ತಿರುಗಿಸಿದರೆ ಟೇಪು ಹರಿದೀತೆಂದು, ಮಾಘಮಾಸದ ಒಣಹವೆ ಬರುವವರೆಗೂ ಮುಟ್ಟದೆ ಇಟ್ಟಿದ್ದೇವೆ. ಅವುಗಳಲ್ಲೊಂದರ ಮೇಲೆ ತಂದೆಯವರ ಅಕ್ಷರದಲ್ಲಿ ‘ಅಕ್ಕ, ಮಳೆಗಾಲ’ ಎಂದಷ್ಟೇ ಬರೆದಿದೆ.