ಓಟದ ಗೆರೆ ಮತ್ತು ಪಿಎಚ್‌ಡಿಯ ಬಾಗಿಲು

ಶಾಲೆಯಲ್ಲಿ ಆಟದ ಅವಧಿಯ ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಮೈದಾನಕ್ಕೆ ಓಡುತ್ತಾರೆ. ಕಾಲಿನ ಬಲ ಕುಂದಿದ ಅಥವಾ ದೃಷ್ಟಿ ಇಲ್ಲದ ಮಗುವೊಂದು ಗೆಳೆಯರ ಚೀಲಗಳನ್ನು ಕಾಯುತ್ತಾ ಒಳಗೇ ಕುಳಿತಿರುತ್ತದೆ. ಅಥಣಿ ತಾಲೂಕಿನ ಸತ್ತಿಯಂತಹ ಊರಿನಿಂದ ಹಿಡಿದು ರಾಜಧಾನಿಯ ಬಡಾವಣೆಗಳವರೆಗೆ ಈ ದೃಶ್ಯ ಯಾರಿಗೂ ಅಪರಿಚಿತವಲ್ಲ. ಆ ಮಗುವನ್ನು ಒಳಗೆ ಕೂರಿಸಿದ ಶಿಕ್ಷಕರು ನಿರ್ದಯಿಗಳೇನಲ್ಲ. ಅಂತಹ ಮಗುವಿಗೆ ಏನನ್ನು, ಹೇಗೆ ಕಲಿಸಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿಕೊಟ್ಟಿಲ್ಲ, ಅಷ್ಟೆ. ಕಲಿಸಿಕೊಡಬೇಕಾದ ವಿಶ್ವವಿದ್ಯಾಲಯಗಳಲ್ಲಿಯೇ ಈ ಬಗೆಯ ಅಧ್ಯಯನ ಇನ್ನೂ ಬೇರೂರಿಲ್ಲ. ದೈಹಿಕ ಶಿಕ್ಷಣದಲ್ಲಿ ವಿಕಲಚೇತನರ ಡಾಕ್ಟರೇಟ್ ಅಧ್ಯಯನದ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಳ್ಳುತ್ತಿರುವುದು ಈ ಕಾರಣಕ್ಕಾಗಿಯೇ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ. ಇವರ ಪಾಲಿಗೆ ಕಾನೂನು ಕೃಪಣವಾಗಿದೆಯೆಂದು ಹೇಳುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಡಬೇಕೆಂದು ಅದು ವಿಧಿಸುತ್ತದೆ. ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯನ್ನೂ ನೀಡುತ್ತದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯು ಅರ್ಹತಾ ಅಂಕಗಳಲ್ಲಿ ಶೇ. 5ರ ರಿಯಾಯಿತಿಯನ್ನೂ, ಪ್ರಬಂಧ ಪೂರ್ಣಗೊಳಿಸಲು ಎರಡು ವರ್ಷಗಳ ಹೆಚ್ಚುವರಿ ಕಾಲಾವಕಾಶವನ್ನೂ ಒದಗಿಸಿತು.

ಹಾಗಿದ್ದರೆ ತೊಡಕು ಎಲ್ಲಿದೆ? ಪಿಎಚ್‌ಡಿಯ ಬಾಗಿಲಿಗೆ ಬರುವ ಮುನ್ನ ವಿದ್ಯಾರ್ಥಿಯು ಬಿ.ಪಿ.ಎಡ್., ಎಂ.ಪಿ.ಎಡ್. ಎಂಬ ಮೆಟ್ಟಿಲುಗಳನ್ನು ಹತ್ತಿ ಬರಬೇಕು. ಅಲ್ಲಿ ಅವರನ್ನು ಎದುರುಗೊಳ್ಳುವುದು ಓಟ, ಜಿಗಿತ, ಎಸೆತಗಳ ದೈಹಿಕ ಕ್ಷಮತೆಯ ಅಳತೆಗೋಲು. ಪದವಿಯ ನಂತರವೂ ಅದು ಬೆನ್ನು ಬಿಡುವುದಿಲ್ಲ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಯುಜಿಸಿಯ 2018ರ ನಿಯಮಾವಳಿಯು 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷಗಳಲ್ಲಿ 1000 ಮೀಟರ್ ಕ್ರಮಿಸಬೇಕೆಂದು ವಿಧಿಸಿತು. ವಯಸ್ಸು ಹೆಚ್ಚಿದಂತೆ ದೂರವನ್ನು ಕಡಿಮೆ ಮಾಡುವ ಉದಾರತೆ ಆ ಪಟ್ಟಿಯಲ್ಲಿತ್ತು. ಗಾಲಿಕುರ್ಚಿಯಲ್ಲಿ ಕುಳಿತ ಅಭ್ಯರ್ಥಿಗಾಗಿ ಒಂದು ಸಾಲೂ ಇರಲಿಲ್ಲ. ಪಿಎಚ್‌ಡಿ ಪಡೆದರೂ ಕೊನೆಗೆ ಉದ್ಯೋಗದ ಬಾಗಿಲು ತೆರೆಯದೆಂದಾದರೆ, ಆರು ವರ್ಷಗಳ ಶ್ರಮವನ್ನು ಯಾವ ಬಡ ಕುಟುಂಬ ತಾನೇ ಪಣಕ್ಕಿಟ್ಟೀತು? ಮೀಸಲಿಟ್ಟ ಸೀಟು ಖಾಲಿ ಉಳಿದರೆ 'ಅರ್ಹರು ಬರಲಿಲ್ಲ' ಎಂದು ಷರಾ ಬರೆಯುವುದು ಮಾತ್ರ ಸುಲಭ.

ದೈಹಿಕ ಶಿಕ್ಷಣವೆಂದರೆ ಬಲಿಷ್ಠ ದೇಹಗಳ ಶಾಸ್ತ್ರ ಎಂಬ ಕಲ್ಪನೆಯನ್ನು ಜಗತ್ತು ಎಂದೋ ಕೈಬಿಟ್ಟಿದೆ. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ 16 ಮಂದಿಯನ್ನು ಬಿಲ್ಲುಗಾರಿಕೆಯ ಸ್ಪರ್ಧೆಗಿಳಿಸಿದವರು ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು. ಹಾಸಿಗೆ ಹಿಡಿದವರಿಗೆ ವ್ಯಾಯಾಮ ಮತ್ತು ಆಟಗಳೇ ಚಿಕಿತ್ಸೆ ಎಂಬ ಅವರ ವೈದ್ಯಕೀಯ ಅರಿವು ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. ಗಾಲಿಕುರ್ಚಿಯಲ್ಲೇ ಸಾಧನೆಗೈದ ಮಾಲತಿ ಹೊಳ್ಳ 2001ರಲ್ಲಿ ಪದ್ಮಶ್ರೀ ಪಡೆದರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನ ಫರ್ಮಾನ್ ಬಾಷಾ 2016ರ ರಿಯೊ ಕೂಟದ ಪವರ್‌ಲಿಫ್ಟಿಂಗ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಪದಕ ಬಂದಾಗ ಇಂಥವರನ್ನು ಮೆರವಣಿಗೆ ಮಾಡುತ್ತೇವೆ. ಅವರ ತರಬೇತಿಯ ಅನುಭವ ಎಲ್ಲಿ ದಾಖಲಾಗಿದೆ, ಅದನ್ನು ಪಾಠವಾಗಿಸಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ.

2016ರ ಕಾಯ್ದೆಯ 30ನೇ ಕಲಮು, ಕ್ರೀಡೆಯಲ್ಲಿ ವಿಕಲಚೇತನರ ಪಾಲ್ಗೊಳ್ಳುವಿಕೆಗಾಗಿ ಕೋರ್ಸುಗಳನ್ನೂ ಕಾರ್ಯಕ್ರಮಗಳನ್ನೂ ಪುನಾರಚಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ವೈಕಲ್ಯದ ಶೇಕಡಾವಾರು ಪ್ರಮಾಣವೊಂದನ್ನೇ ಮುಂದಿಟ್ಟು ವಿದ್ಯಾರ್ಥಿಗೆ ವೈದ್ಯಕೀಯ ಪ್ರವೇಶ ನಿರಾಕರಿಸುವಂತಿಲ್ಲ, ಕೋರ್ಸನ್ನು ಪೂರೈಸುವ ಆತನ ಸಾಮರ್ಥ್ಯವನ್ನು ಪರಿಶೀಲಿಸಬೇಕು ಎಂದು ತೀರ್ಪಿತ್ತಿತು. ವೈದ್ಯಕೀಯಕ್ಕೆ ಅನ್ವಯಿಸುವ ಈ ನ್ಯಾಯ ದೈಹಿಕ ಶಿಕ್ಷಣಕ್ಕೇಕೆ ಅನ್ವಯಿಸಬಾರದು? ತರಬೇತಿಯ ಶರೀರಶಾಸ್ತ್ರವನ್ನೂ ಕ್ರೀಡಾ ಮನಶ್ಶಾಸ್ತ್ರವನ್ನೂ ಅರಿಯಲು 1800 ಮೀಟರ್ ಓಡಲೇಬೇಕೆಂಬುದು ಯಾವ ತರ್ಕ?

ಗಡಿಭಾಗದ ವಿದ್ಯಾರ್ಥಿಗಳ ಮಟ್ಟಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮತ್ತು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ವಿಭಾಗಗಳಿವೆ. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಇದೆ. ಇವು ಮೊದಲು ಮಾಡಬೇಕಾದುದು ಕ್ಷಮತಾ ಪರೀಕ್ಷೆಗೆ ವೈಕಲ್ಯಕ್ಕನುಗುಣವಾದ ಪರ್ಯಾಯವನ್ನು ರೂಪಿಸುವುದು. ವಿಕಲಚೇತನರ ದೈಹಿಕ ಶಿಕ್ಷಣವನ್ನು ಸಂಶೋಧನೆಯ ಪ್ರತ್ಯೇಕ ಕ್ಷೇತ್ರವಾಗಿ ಮಾನ್ಯ ಮಾಡುವುದು ಎರಡನೆಯದು. ಇಳಿಜಾರಿನ ದಾರಿ, ಶೌಚಾಲಯ, ಹಾಸ್ಟೆಲ್ ಸೌಕರ್ಯಗಳಿಲ್ಲದೆ ಇವೆರಡೂ ಕಾಗದದ ಮೇಲೆಯೇ ಉಳಿಯುತ್ತವೆ.

ಸರಕಾರವನ್ನು ಕೇಳುವ ಮುನ್ನ ನಮ್ಮ ಮನೆಗಳನ್ನೂ ಕೇಳಿಕೊಳ್ಳೋಣ. ವೈಕಲ್ಯವುಳ್ಳ ಮಗುವಿಗೆ, ಅದರಲ್ಲೂ ಹೆಣ್ಣು ಮಗುವಿಗೆ, ಎಸ್ಸೆಸೆಲ್ಸಿಯೇ ಸಾಕೆಂದು ತೀರ್ಮಾನಿಸಿದ ಕುಟುಂಬಗಳು ನಮ್ಮ ನಡುವೆ ಕಡಿಮೆಯೇನಿಲ್ಲ. ಮಾಸಾಶನದ ಅರ್ಜಿಗೆ ತೋರುವ ಮುತುವರ್ಜಿಯನ್ನು ಕಾಲೇಜಿನ ಅರ್ಜಿಗೂ ತೋರೋಣ. ವೈಕಲ್ಯದ ಯುಡಿಐಡಿ ಗುರುತಿನ ಚೀಟಿಯನ್ನು ಇಂದೇ ಮಾಡಿಸೋಣ. ಪ್ರವೇಶದ ವೇಳೆ ಅದು ಬೇಕಾಗುತ್ತದೆ. ಚೀಲ ಕಾಯುವ ಆ ಮಗು ಮುಂದೊಂದು ದಿನ ತನ್ನಂಥ ಮಕ್ಕಳಿಗೆ ಆಟ ಕಲಿಸುವ ವಿಧಾನವನ್ನು ತಾನೇ ಬರೆಯುವಂತಾಗಬೇಕು. ಅದಕ್ಕಾಗಿ ನಾಳೆಯ ಆಟದ ಅವಧಿಯಲ್ಲಿ ಅದನ್ನು ಹೊರಗೆ ಕರೆದುಕೊಂಡು ಹೋಗಿ ಎಂದು ಶಾಲೆಗೆ ಹೇಳುವ ಕೆಲಸ ಪೋಷಕರಾದ ನಮ್ಮದು.