ಮೀನಿನ ತೊಟ್ಟಿಯಲ್ಲಿ ಚಹಾ ಬಣ್ಣದ ನೀರು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದವರ ಮನೆಗೆ ಹೋದವರು ಮೀನಿಗಿಂತ ಮೊದಲು ನೀರನ್ನು ನೋಡುತ್ತಾರೆ. ತಿಳಿಯಾಗಿದ್ದರೆ ಮೆಚ್ಚುತ್ತಾರೆ. ಕಂದಾಗಿದ್ದರೆ, ‘ನೀರು ಬದಲಾಯಿಸಿ ಎಷ್ಟು ದಿನವಾಯಿತು?’ ಎಂದು ಕೇಳುತ್ತಾರೆ. ಆದರೆ ಬೇಕೆಂದೇ ನೀರಿಗೆ ಕಂದು ಬಣ್ಣ ಕೊಡುವ ಹವ್ಯಾಸಿಗಳಿದ್ದಾರೆ, ಅವರಲ್ಲಿ ಕೆಲವರು ಅದಕ್ಕೆ ಬಳಸುವುದು ರೂಯ್‌ಬೋಸ್ ಎಂಬ ಗಿಡಮೂಲಿಕೆ ಚಹಾವನ್ನು.

ರೂಯ್‌ಬೋಸ್ ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ ಬೆಳೆಯುವ ಪೊದೆ. ಎಲೆ ಸೂಜಿಯಷ್ಟು ಸಪೂರ. ತೊಗರಿ, ಬಟಾಣಿಗಳ ಕುಟುಂಬಕ್ಕೆ ಸೇರಿದ್ದು, ನಾವು ಕುಡಿಯುವ ಚಹಾದ ಗಿಡಕ್ಕೆ ಇದು ನೆಂಟನಲ್ಲ. ಕೊಯ್ದು, ಜಜ್ಜಿ, ಗಾಳಿಗೆ ಬಿಟ್ಟಾಗ ಕೆಂಪಾಗುತ್ತದೆ. ಇದರಲ್ಲಿ ಕೆಫೀನ್ ಇಲ್ಲ, ಮೀನು ಸಾಕುವವರು ಇದನ್ನೇ ಆರಿಸಲು ಮುಖ್ಯ ಕಾರಣ ಅದು. ಕುದಿಯುವ ನೀರಿನಲ್ಲಿ ಒಂದೆರಡು ಪೊಟ್ಟಣ ಅದ್ದಿಟ್ಟು, ಪೂರ್ತಿ ಆರಿದ ಮೇಲೆ ಆ ಕಷಾಯವನ್ನು ಸ್ವಲ್ಪ ಸ್ವಲ್ಪವಾಗಿ ತೊಟ್ಟಿಗೆ ಸುರಿಯುತ್ತಾರೆ. ಕೆಂಪು ಎಳೆಗಳು ನೀರಿನೊಳಗೆ ಸುರುಳಿ ಸುರುಳಿಯಾಗಿ ಇಳಿದು, ಫಿಲ್ಟರ್‌ನ ಸೆಳೆತಕ್ಕೆ ಸಿಕ್ಕಿ, ನೋಡನೋಡುತ್ತಿದ್ದಂತೆ ಇಡೀ ತೊಟ್ಟಿ ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬರುವುದು ಟ್ಯಾನಿನ್ ಮತ್ತು ಅದರ ಬಳಗದ ಸಸ್ಯಜನ್ಯ ವಸ್ತುಗಳಿಂದ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ಕಂಡವರಿಗೆ ಟ್ಯಾನಿನ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಮೀನಿಗೆ ಒಳ್ಳೆಯದಾಗುತ್ತದೆಯೇ, ಅಥವಾ ಸಾಕುವವರ ಕಣ್ಣಿಗೆ ಮಾತ್ರ ಕಾಡಿನ ಹೊಳೆ ಕಂಡಂತಾಗುತ್ತದೆಯೇ?

ಕಂದು ನೀರಿನ ಪರವಾಗಿ ನಿಲ್ಲುವ ದೊಡ್ಡ ಸಾಕ್ಷಿ ದಕ್ಷಿಣ ಅಮೆರಿಕದ ರಿಯೊ ನೀಗ್ರೊ ನದಿ. 1848ರಿಂದ 1852ರವರೆಗೆ ಅಮೆಜಾನ್ ಸೀಮೆಯಲ್ಲಿ ಅಲೆದ ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಅಲ್ಲಿನ ನದಿಗಳನ್ನು ಬಿಳಿ, ನೀಲಿ, ಕಪ್ಪು ನೀರಿನವು ಎಂದು ವಿಂಗಡಿಸಿದ್ದರು. ಕಪ್ಪು ನೀರಿನ ರಿಯೊ ನೀಗ್ರೊ ಮರಳುನೆಲದ ಕಾಡುಗಳಿಂದ ಬರುತ್ತದೆ. ಉದುರಿದ ಎಲೆಗಳ ಸಾರ ನೀರಿಗಿಳಿದು ಕಡು ಕಂದಾಗುತ್ತದೆ, ಕರಗಿದ ಲವಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್ ಸಾಮಾನ್ಯವಾಗಿ 4ರಿಂದ 5ರ ಆಸುಪಾಸು. ಅಷ್ಟು ಹುಳಿ ನೀರಿನಲ್ಲಿ ಹೆಚ್ಚಿನ ಮೀನುಗಳ ಕಿವಿರುಗಳಿಂದ ಸೋಡಿಯಂ ಸೋರಿಹೋಗುತ್ತದೆ. ಅಲ್ಲಿನ ಮೀನುಗಳ ದೇಹವೇ ಅದಕ್ಕೆ ಒಗ್ಗಿದೆ. ಅದರ ಜೊತೆಗೆ ನೀರಿನಲ್ಲಿ ಕರಗಿದ ಸಸ್ಯಸಾರವೂ ಸೋರಿಕೆಯನ್ನು ತಡೆಯಲು ನೆರವಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಬಾರ್ಸೆಲೋಸ್ ಪಟ್ಟಣದ ಸುತ್ತ ಹಿಡಿದು ಜಗತ್ತಿನ ಅಂಗಡಿಗಳಿಗೆ ಕಳಿಸುವ ಕಾರ್ಡಿನಲ್ ಟೆಟ್ರಾ ಈ ನೀರಿನ ಮಗು. ಬಿಳಿ ದೀಪ, ತಿಳಿ ನೀರಿನ ತೊಟ್ಟಿಗೆ ಬಿಟ್ಟರೆ ಅದು ಮೂಲೆ ಹಿಡಿಯುವುದುಂಟು. ಬೆಳಕು ಮಂಕಾದ ಕಂದು ನೀರಿನಲ್ಲಿ ಗುಂಪು ಕಟ್ಟಿ ನಡುವೆ ಬರುತ್ತದೆ, ಆಗ ಮೈಮೇಲಿನ ನೀಲಿ ಪಟ್ಟಿ ಉರಿಯುವ ಹಾಗೆ ಕಾಣುತ್ತದೆ.

ಹೀಗಾಗಿ ತಿಳಿ ನೀರೇ ಒಳ್ಳೆಯ ನೀರು ಎಂಬುದು ಮನುಷ್ಯನ ಕಣ್ಣು ಕೊಟ್ಟ ತೀರ್ಪು. ಕಂದು ನೀರೇ ನಿಸರ್ಗ ಎಂಬುದೂ ಅದೇ ಕಣ್ಣಿನ ತೀರ್ಪು ಎಂಬುದನ್ನು ಹವ್ಯಾಸಿಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಬೆಂಗಳೂರಿನ ಬೋರ್‌ವೆಲ್ ನೀರನ್ನೇ ನೋಡಿ. ಬಕೆಟ್ಟಿನಲ್ಲಿ, ಗೀಸರಿನಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರು ಅದು. ಅದರಲ್ಲಿರುವ ಬೈಕಾರ್ಬೊನೇಟ್, ಬಂದ ಆಮ್ಲವನ್ನೆಲ್ಲ ನುಂಗಿಹಾಕುತ್ತದೆ. ಅಂಥ ನೀರಿಗೆ ಎಷ್ಟೇ ರೂಯ್‌ಬೋಸ್ ಸುರಿದರೂ ಪಿಎಚ್ ಅಲುಗುವುದು ಅಷ್ಟಕ್ಕಷ್ಟೆ. ಲವಣ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮೇಲಾಗಿ ರೂಯ್‌ಬೋಸ್‌ನಲ್ಲಿ ಟ್ಯಾನಿನ್ ಇರುವುದು ಮಾಮೂಲಿ ಚಹಾಕ್ಕಿಂತ ಕಡಿಮೆ. ನೋಡುವವರಿಗೆ ರಿಯೊ ನೀಗ್ರೊ, ಮೀನಿನ ಕಿವಿರಿಗೆ ಮಾತ್ರ ಅದೇ ಬೋರ್‌ವೆಲ್. ಬೆಳಕು ತಗ್ಗಿ ಮೀನಿನ ಅಂಜಿಕೆ ಇಳಿಯುವ ಲಾಭವಂತೂ ಇದ್ದೇ ಇದೆ, ಅದು ಸಣ್ಣದಲ್ಲ. ಆದರೆ ತವರಿನ ನೀರು ಸಿಕ್ಕಿತು ಎಂದುಕೊಂಡು ಲವಣದ ಪರೀಕ್ಷೆಯನ್ನೇ ಕೈಬಿಟ್ಟರೆ ಮೀನಿಗೆ ಅನ್ಯಾಯವಾಗುತ್ತದೆ.

ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ ಎಂಬ ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು. ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮಂಪರು ತರಿಸುವ ಪದ್ಧತಿ ಪಶ್ಚಿಮಘಟ್ಟದಲ್ಲಿ ಹಳೆಯದು, ಅದೂ ಗಿಡದ್ದೇ. ಅಂಗಡಿಯಲ್ಲಿ ‘ಹರ್ಬಲ್ ಟೀ’ ಎಂದು ಮಾರುವ ಪೊಟ್ಟಣಗಳಲ್ಲಿ ಪುದೀನ, ನಿಂಬೆಸಿಪ್ಪೆ, ಲವಂಗ, ಸುವಾಸನೆಯ ಎಣ್ಣೆ ಏನು ಬೇಕಾದರೂ ಇರಬಹುದು. ಇವು ಯಾವುವೂ ತೊಟ್ಟಿಗೆ ಸಲ್ಲವು. ಶುದ್ಧ ಸಸ್ಯಸಾರವೂ ನಿಷ್ಕ್ರಿಯ ವಸ್ತುವಲ್ಲ. ಜರ್ಮನಿಯ ಸಂಶೋಧಕರು, ಕೊಳೆತ ಎಲೆಗಳ ಸಾರದಲ್ಲಿ ಸಿಗುವಂಥ ಹ್ಯೂಮಿಕ್ ಪದಾರ್ಥ ಬೆರೆಸಿದ ನೀರಿನಲ್ಲಿ ಸ್ವೋರ್ಡ್‌ಟೇಲ್ ಮೀನುಗಳನ್ನು ಬೆಳೆಸಿ, ಹೆಣ್ಣುಗಳ ಪಾಲು ಹೆಚ್ಚಿದ್ದನ್ನು 2004ರಲ್ಲಿ ವರದಿ ಮಾಡಿದರು. ಚಹಾದಿಂದಲೂ ಹಾಗೆಯೇ ಆಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಹಾಕುವ ಪ್ರಮಾಣದಲ್ಲಿ ಹಿಡಿತ ಇರಬೇಕು ಎನ್ನಲು ಇಷ್ಟು ಸಾಕು.

ಥಾಯ್ಲೆಂಡಿನಲ್ಲಿ ಬೆಟ್ಟಾ ಮೀನು ಸಾಕುವವರು ಚಹಾದ ಗೊಡವೆಗೆ ಹೋದವರಲ್ಲ. ಅವರು ಜಾಡಿಗೆ ಹಾಕುವುದು ಒಣಗಿದ ಕಾಡುಬಾದಾಮಿ ಎಲೆಯನ್ನು. ನಮ್ಮ ಕರಾವಳಿಯಲ್ಲಿ, ಊರೂರಿನ ಶಾಲೆಗಳ ಅಂಗಳದಲ್ಲಿ ಕೊಡೆಯ ಹಾಗೆ ಹರಡಿ ನಿಂತು, ಉದುರುವ ಮುನ್ನ ಎಲೆಯನ್ನು ಕೆಂಪಾಗಿಸುವ ಮರವೇ ಅದು. ಚರ್ಮ ಹದ ಮಾಡಲು ಬಳಸುವ ಅಳಲೆಕಾಯಿಯ ಹತ್ತಿರದ ಸಂಬಂಧಿ. ಅದರ ಸಾರ ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೂ ಅದು ಔಷಧಕ್ಕೆ ಬದಲಿಯಲ್ಲ. ಎಲೆಯ ನಿಜವಾದ ಹೆಚ್ಚುಗಾರಿಕೆ ಬೇರೆ ಇದೆ. ತೇಲುವ ಎಲೆಯ ಅಡಿಯಲ್ಲಿ ಗಂಡು ಬೆಟ್ಟಾ ಗುಳ್ಳೆ ಊದಿ ನೊರೆಗೂಡು ಕಟ್ಟುತ್ತದೆ. ಎಲೆ ಮುಳುಗಿದರೆ ಅದು ಮರಿಗಳಿಗೆ ಮರೆ. ಕೊಳೆಯತೊಡಗಿದಾಗ ಮೇಲೆ ಹುಟ್ಟುವ ಸೂಕ್ಷ್ಮಜೀವಿಗಳು ಅವಕ್ಕೆ ಆಹಾರ. ಚಹಾ ಬಣ್ಣವನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರದಿಂದ ಬಂದ ಪೊಟ್ಟಣಕ್ಕೆ ದುಡ್ಡು ಸುರಿಯುವುದಕ್ಕಿಂತ, ಔಷಧ ಸಿಂಪಡಿಸದ, ರಸ್ತೆಯ ಹೊಗೆ ತಾಗದ ಮರದಡಿಯಿಂದ ನಾಲ್ಕು ಎಲೆ ಆಯ್ದು, ತೊಳೆದು ಹಾಕುವುದೇ ಜಾಣತನ.

ಯಾವ ಎಲೆಯಾದರೂ ಎಲ್ಲ ಮೀನಿಗೂ ಬೇಡ. ಮಲಾವಿ, ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳದ್ದು ಕ್ಷಾರದ ನೀರು. ಗಪ್ಪಿಗೆ ಗಡಸು ನೀರೇ ಸುಖ. ಕೊಡಗಿನಲ್ಲಿ ಹುಟ್ಟುವ ಚಂದ್ರಗಿರಿಯಂಥ ಹೊಳೆಗಳ, ಕೆಂಪು ಗೆರೆಯ ಡೆನಿಸನ್ ಬಾರ್ಬ್ ಬಯಸುವುದು ಹರಿವು ಮತ್ತು ಆಮ್ಲಜನಕವನ್ನು. ಬಣ್ಣದಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ.

ಕಾರ್ಡಿನಲ್ ಟೆಟ್ರಾದಂಥ ಮೀನು ಸಾಕುವವರು ಮೊದಲು ಹನಿ ಪರೀಕ್ಷೆಯ ಕಿಟ್ಟಿನಿಂದ ನೀರಿನ ಕಾರ್ಬೊನೇಟ್ ಗಡಸುತನ ಅಳೆಯಬೇಕು. ಅದು ಹೆಚ್ಚಿದ್ದರೆ, ಒಂದೆರಡು ಮಳೆ ಬಿದ್ದು ತಾರಸಿ ತೊಳೆದ ಮೇಲೆ ಹಿಡಿದ ಮಳೆನೀರನ್ನೋ ಆರ್‌ಓ ನೀರನ್ನೋ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬರಬೇಕು. ಆ ಮೆದು ನೀರಿನಲ್ಲಿ ಒಂದೇ ಎಲೆಯೂ ಪಿಎಚ್ ಇಳಿಸಬಲ್ಲದು. ಹಾಗಾಗಿ ಆ ಹಂತದಲ್ಲಿ ಇನ್ನೊಂದು ಎಲೆ ಹಾಕುವ ಮುನ್ನ ಪಿಎಚ್ ಕೂಡ ಮತ್ತೆ ನೋಡಬೇಕಾಗುತ್ತದೆ.