ಆಂಜಿಯೋಗ್ರಾಂ: ರೋಗಿಗೂ ಒಂದು ಮಾತು ತಿಳಿಸೋಣ

ಮನೆಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡು, ವೈದ್ಯರು ಆಂಜಿಯೋಗ್ರಾಂಗೆ ದಿನ ಗೊತ್ತುಪಡಿಸಿದರೆ ನಮ್ಮ ಕುಟುಂಬಗಳಲ್ಲಿ ಎಂತಹ ಸಿದ್ಧತೆ ಆರಂಭವಾಗುತ್ತದೆ ಎಂಬುದನ್ನು ನಾವೆಲ್ಲರೂ ಕಂಡವರೇ. ಹಣ ಹೊಂದಿಸುತ್ತೇವೆ. ಗಲ್ಫಿನಲ್ಲಿರುವ ಮಗನಿಗೆ ಸುದ್ದಿ ಮುಟ್ಟಿಸುತ್ತೇವೆ. ಬಲಿಪೂಜೆಯಲ್ಲಿ ಪ್ರಾರ್ಥಿಸುವಂತೆ ಧರ್ಮಗುರುಗಳನ್ನು ಕೇಳಿಕೊಳ್ಳುತ್ತೇವೆ. ಆದರೆ ಯಾರ ಹೃದಯದ ಪರೀಕ್ಷೆ ನಡೆಯಲಿದೆಯೋ ಅವರಿಗೆ ಮಾತ್ರ ‘ಏನೂ ಇಲ್ಲ, ಒಂದು ಸಣ್ಣ ಟೆಸ್ಟು’ ಎಂಬ ಒಂದೇ ಮಾತು. ಹೆದರಿಸಬಾರದೆಂಬ ಪ್ರೀತಿಯೇ ಇದಕ್ಕೆ ಕಾರಣ, ನಿಜ. ಆದರೂ ಈ ಮೌನ ರೋಗಿಗೆ ಹಿತಕರವಲ್ಲವೆಂದು ನನ್ನ ನಂಬಿಕೆ.

ಪರೀಕ್ಷೆಯ ಸ್ವರೂಪ ಅರ್ಥವಾಗದಷ್ಟು ಕಠಿಣವಾದುದೇನಲ್ಲ. ಮಣಿಕಟ್ಟಿನ ಇಲ್ಲವೇ ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಎಕ್ಸ್‌ರೇಯಲ್ಲಿ ಕಾಣಿಸುವ ಒಂದು ದ್ರವವನ್ನು ಹರಿಸಿ, ರಕ್ತನಾಳಗಳಲ್ಲಿ ಎಲ್ಲಿ ತಡೆಯಿದೆಯೆಂದು ನೋಡುತ್ತಾರೆ. ಸಾಮಾನ್ಯವಾಗಿ ಕೊಳವೆ ಸೇರಿಸುವ ಜಾಗವನ್ನಷ್ಟೇ ಮರಗಟ್ಟಿಸುವುದರಿಂದ ರೋಗಿ ಎಚ್ಚರವಾಗಿಯೇ ಇರುತ್ತಾರೆ. ದ್ರವ ಹರಿದಾಗ ಕೆಲವು ಕ್ಷಣ ಮೈಯೆಲ್ಲ ಬಿಸಿಯಾದಂತೆ ಭಾಸವಾಗುವುದುಂಟು. ಮೊದಲೇ ತಿಳಿದವರು ಅದನ್ನು ಸಹಿಸಿಕೊಳ್ಳುತ್ತಾರೆ. ತಿಳಿಯದವರು ತಮ್ಮ ಕಥೆ ಮುಗಿಯಿತೆಂದು ತಲ್ಲಣಿಸುತ್ತಾರೆ.

1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯರು ತಮ್ಮ ತೋಳಿನ ರಕ್ತನಾಳದಿಂದ ಹೃದಯದವರೆಗೆ ತಾವೇ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡರು. ಈ ಕ್ಷೇತ್ರದ ಸಾಧನೆಗಾಗಿ 1956ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಸಾಹಸ ನಮಗೆ ಬೇಡ. ಆದರೆ ತನ್ನ ದೇಹದಲ್ಲಿ ಏನು ನಡೆಯುತ್ತಿದೆಯೆಂಬುದು ಆ ಮೊದಲ ರೋಗಿಗೆ ಸಂಪೂರ್ಣ ತಿಳಿದಿತ್ತು. ಅದರ ಒಂದಂಶವಾದರೂ ನಮ್ಮ ತಂದೆತಾಯಿಗಳಿಗೆ ತಿಳಿದಿರಬೇಡವೇ?

ರೋಗಿಯನ್ನು ಕತ್ತಲೆಯಲ್ಲಿಟ್ಟರೆ ವೈದ್ಯರೂ ಕತ್ತಲೆಯಲ್ಲಿಯೇ ಉಳಿಯುತ್ತಾರೆ. ಹಿಂದೆ ಸ್ಕ್ಯಾನಿಂಗಿನ ಚುಚ್ಚುಮದ್ದಿಗೆ ಮೈ ತುರಿಸಿತ್ತೇ, ಉಸಿರು ಕಟ್ಟಿತ್ತೇ? ಮೂತ್ರಪಿಂಡದ ತೊಂದರೆಯಿದೆಯೇ? ಆ ದ್ರವ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದುದರಿಂದ ಈ ಪ್ರಶ್ನೆ ಮುಖ್ಯ. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮದ್ದು, ನಾಟಿವೈದ್ಯರ ಕಷಾಯ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಒಯ್ಯಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಲಿ. ನಾವಾಗಿ ನಿಲ್ಲಿಸುವುದು ಅಪಾಯಕರ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ದಿನವೂ ಸಂಜೆ ಕುಡಿಯುವ ಅಭ್ಯಾಸವುಳ್ಳವರು ಅದನ್ನು ಮರೆಮಾಚಿ ಆಸ್ಪತ್ರೆ ಸೇರಿದರೆ, ಕುಡಿತ ಹಠಾತ್ತನೆ ನಿಂತು ಕೈಕಾಲು ನಡುಗಿ ಬುದ್ಧಿ ಭ್ರಮಿಸುವ ಸಂಭವವಿದೆ. ಮನೆತನದ ಮಾನಕ್ಕಿಂತ ಮನೆಯವರ ಪ್ರಾಣ ದೊಡ್ಡದು.

ಕೊನೆಯದಾಗಿ ಸಮ್ಮತಿ ಪತ್ರದ ವಿಷಯ. ಕಳೆದ ವರ್ಷ ನನ್ನ ಸರದಿ ಬಂದಾಗ, ಪಕ್ಕದ ಕೋಣೆಯಲ್ಲಿ ನನ್ನ ಮಗ ಆಗಲೇ ಸಹಿ ಹಾಕಿದ್ದ. ತಡೆ ಕಂಡರೆ ಆ ಕೂಡಲೇ ಸ್ಟೆಂಟ್ ಅಳವಡಿಸಲು ಅದರಲ್ಲಿ ಒಪ್ಪಿಗೆಯಿತ್ತು. ಸ್ವಸ್ಥ ಬುದ್ಧಿಯಿಂದ ಮಾತನಾಡುತ್ತಿದ್ದ ನನ್ನನ್ನು ಯಾರೂ ಕೇಳಿರಲಿಲ್ಲ. ಕಾಗದವನ್ನು ತರಿಸಿ ಓದಿದೆ. ವೈದ್ಯರು ತಾಳ್ಮೆಯಿಂದ ವಿವರಿಸಿದರು. ನಾನೂ ಅದಕ್ಕೇ ಒಪ್ಪಿದೆ. ನಿರ್ಧಾರ ಬದಲಾಗಲಿಲ್ಲ, ಆದರೆ ಅದು ನನ್ನದಾಯಿತು. ಭಯವೂ ಅರ್ಧ ಇಳಿಯಿತು. ಹೃದಯಾಘಾತದ ತುರ್ತಿನಲ್ಲಿ ಇಷ್ಟು ಸಮಯವಿರುವುದಿಲ್ಲ. ದಿನ ಗೊತ್ತುಪಡಿಸಿ ಮಾಡುವ ಪರೀಕ್ಷೆಯಲ್ಲಿ ಸಮಯ ಧಾರಾಳವಾಗಿರುತ್ತದೆ. ಸ್ಟೆಂಟೇ ಬೇಕೇ, ಮದ್ದು ಸಾಕೇ, ಬೈಪಾಸ್ ಉತ್ತಮವೇ, ಖರ್ಚೆಷ್ಟು ಎಂದು ಮುಂಚಿತವಾಗಿಯೇ ಕೇಳಬಹುದು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಸ್ಟೆಂಟುಗಳ ಬೆಲೆಗೆ ಮಿತಿ ವಿಧಿಸಿರುವುದರಿಂದ, ಬೆಲೆ ಕೇಳಲು ನಾಚಬೇಕಾಗಿಲ್ಲ.

ಉಳಿದ ಸಿದ್ಧತೆ ಸರಳ. ಹೇಳಿದಷ್ಟು ಗಂಟೆ ಉಪವಾಸವಿರಬೇಕು. ಉಂಗುರ, ಕರಿಮಣಿ, ಕೊರಳ ಶಿಲುಬೆಯ ಸರವನ್ನು ಮನೆಯಲ್ಲಿಯೇ ತೆಗೆದಿಡುವುದು ಒಳಿತು. ತೊಡೆಸಂದಿನಿಂದ ಪರೀಕ್ಷೆಯಾಗಿದ್ದರೆ ಬಳಿಕ ಕೆಲವು ಗಂಟೆ ಕಾಲನ್ನು ಮಡಚದೆ ಮಲಗಿರಬೇಕು. ಚುಚ್ಚಿದ ಜಾಗದಲ್ಲಿ ರಕ್ತ ಒಸರಿದರೆ, ಊದಿಕೊಂಡರೆ, ಕೈಯೋ ಕಾಲೋ ತಣ್ಣಗಾದರೆ ಆ ಕ್ಷಣವೇ ದಾದಿಯನ್ನು ಕರೆಯಬೇಕು. ಸಂದರ್ಶಕರ ಸಾಲು ಮರುದಿನಕ್ಕಿರಲಿ.

ಹಿಂದಿನ ರಾತ್ರಿ, ಕುಟುಂಬದ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕುಳಿತಿರುವಾಗಲೇ ಅರ್ಧ ಗಂಟೆ ಮೀಸಲಿಡೋಣ. ನಾಳೆ ಏನು ನಡೆಯುವುದೆಂದು ಅಪ್ಪನಿಗೋ ಅಮ್ಮನಿಗೋ ತಿಳಿಸಿ, ‘ನಿಮಗೆ ಏನು ಕೇಳಲಿಕ್ಕಿದೆ?’ ಎಂದು ವಿಚಾರಿಸೋಣ. ಸಮ್ಮತಿ ಪತ್ರ ಬಂದಾಗ ಲೇಖನಿಯನ್ನು ಅವರ ಕೈಗೇ ಕೊಡೋಣ.